ಚಾಕೊಲೇಟ್ ಕಪ್‌ಕೇಕ್: ನಡುವೆ ಹಳ್ಳ, ಅಂಚು ಗಟ್ಟಿ, ಬಾಯಲ್ಲಿ ಸೋಪಿನ ರುಚಿ. ಎಲ್ಲಿ ಕೆಟ್ಟಿತು?

ಹಿಟ್ಟುಮೆತ್ತಿದಕೈ
ಎಲ್ಲರಿಗೂ ನಮಸ್ಕಾರ. ಚಾಕೊಲೇಟ್ ಕಪ್‌ಕೇಕ್ ಮಾಡಕ್ಕೆ ಹೋಗಿ ಹನ್ನೆರಡಕ್ಕೆ ಹನ್ನೆರಡೂ ಕೆಟ್ಟು ಕೂತಿವೆ. ಬಿಸಾಕೋ ಮುಂಚೆ ಯಾಕೆ ಕೆಟ್ಟಿತು ಅಂತ ಗೊತ್ತಾಗಬೇಕು. ಅದಕ್ಕೇ ಎಲ್ಲಾ ವಿವರ ಹಾಕ್ತಿದ್ದೀನಿ.

ಮೈದಾ ಒಂದೂವರೆ ಕಪ್, ಸಕ್ಕರೆ ಒಂದು ಕಪ್, ಕೋಕೋ ಪುಡಿ ಅರ್ಧ ಕಪ್, ಅಡುಗೆ ಸೋಡಾ ಮುಕ್ಕಾಲು ಟೀ ಸ್ಪೂನ್, ಚಿಟಿಕೆ ಉಪ್ಪು, ಹಾಲು ಒಂದು ಕಪ್, ಎಣ್ಣೆ ಕಪ್ಪಿನ ಮೂರನೇ ಒಂದು ಭಾಗ, ಮೊಟ್ಟೆ ಒಂದು, ಸ್ವಲ್ಪ ವೆನಿಲ್ಲಾ. ಬೇಕಿಂಗ್ ಪೌಡರ್ ರೆಸಿಪಿಯಲ್ಲೇ ಇಲ್ಲ. ಓಟಿಜಿ (ಕರೆಂಟಿನ ಸಣ್ಣ ಓವನ್) 180 ಡಿಗ್ರಿ, 20 ನಿಮಿಷ.

ಒಳಗಿದ್ದಾಗ ಅಲ್ಪಸ್ವಲ್ಪ ಉಬ್ಬಿದ ಹಾಗೆ ಕಾಣ್ತು. ಹೊರಗೆ ತೆಗೆದು ಹತ್ತು ನಿಮಿಷ ಆಗೋದ್ರೊಳಗೆ ನಡು ಕುಸೀತು. ಸುತ್ತ ಅಂಚು ಗಟ್ಟಿ, ನಡುವೆ ಅಂಟಂಟು. ಪೇಪರ್ ಕಪ್ ಯಾರೂ ಮುಟ್ಟದೇನೇ ತಾನಾಗಿ ಬಿಟ್ಕೊಂಡಿದೆ. ಬಣ್ಣ ಹೆಚ್ಚೂಕಡಿಮೆ ಕಪ್ಪು, ರೆಸಿಪಿಯ ಚಿತ್ರದಲ್ಲಿ ಕೆಂಪು ಛಾಯೆಯ ಕಂದು ಇತ್ತು. ರುಚಿ ಬಗ್ಗೆ ಕೇಳಲೇಬೇಡಿ. ಮೊದಲ ತುತ್ತು ಸಿಹಿ, ಆಮೇಲೆ ಸೋಪು ನೆಕ್ಕಿದ ಹಾಗೆ.

ಯಾರಾದ್ರೂ ಹೇಳಿ, ಒಲೆಯದಾ, ಕೈಯದಾ, ರೆಸಿಪಿಯದಾ?

ಬೆಣ್ಣೆಬೆರಳು
ಪ್ರೀಹೀಟ್ ಮಾಡಿದ್ರಾ? ನಡುವೆ ಬಾಗಿಲು ತೆಗೆದು ನೋಡಿದ್ರಾ? ನೂರಕ್ಕೆ ತೊಂಬತ್ತು ಜನ ಇಲ್ಲೇ ಎಡವೋದು. ಮೊದಲ ಹದಿನೈದು ನಿಮಿಷ ಬಾಗಿಲಿಗೆ ಕೈ ಹಾಕಬಾರದು ಅಕ್ಕ.

ಅಜ್ಜಿಸೌಟು
ಹಿಟ್ಟನ್ನ ಒಂದೇ ದಿಕ್ಕಿಗೆ ತಿರುಗಿಸಬೇಕು. ಬಲಕ್ಕೆ ಶುರು ಮಾಡಿದ್ರೆ ಕೊನೇವರೆಗೂ ಬಲಕ್ಕೇ. ನಡುವೆ ದಿಕ್ಕು ಬದಲಾಯಿಸಿದ್ರೆ ಒಳಗಿನ ಗಾಳಿ ಎಲ್ಲಾ ಹೊರಟು ಹೋಗುತ್ತೆ, ಕೇಕ್ ಏಳಲ್ಲ. ನಾನು ಯಾವಾಗಲೂ ಹೀಗೇ ಮಾಡೋದು, ಒಂದು ಸಲವೂ ಕುಸಿದಿಲ್ಲ.

ಮಧ್ಯದರ‍್ಯಾಕು
ಅಮ್ಮ, ನಿಮ್ಮ ಕೇಕ್ ಚೆನ್ನಾಗಿ ಬರ್ತಿರೋದು ದಿಕ್ಕಿನಿಂದಲ್ಲ, ನೀವು ನಿಧಾನವಾಗಿ ಕಲಸ್ತೀರಲ್ಲ, ಅದರಿಂದ. ನಾನು ಬೇಕರಿಯಲ್ಲಿ ಹಿಟ್ಟು ಕಲಸಿ ಬದುಕಿದವನು. ಅಲ್ಲಿನ ದೊಡ್ಡ ಮಿಕ್ಸರ್‌ನ ಬ್ಲೇಡ್ ಒಂದು ಕಡೆ ತಿರುಗಿದ್ರೆ ಪಾತ್ರೆಯೊಳಗೆ ಅದು ಸುತ್ತೋದು ಇನ್ನೊಂದು ಕಡೆ. ಹಿಟ್ಟಿಗೆ ಎಡ ಬಲ ಗೊತ್ತಾಗಲ್ಲ. ಎಷ್ಟು ಹೊತ್ತು ಕಲಸಿದ್ರಿ ಅನ್ನೋದು ಗೊತ್ತಾಗುತ್ತೆ. ಮೈದಾ ಬಿದ್ದ ಮೇಲೆ ಜಾಸ್ತಿ ಕಲಸಿದ್ರೆ ಗ್ಲುಟೆನ್, ಅಂದ್ರೆ ಮೈದಾದ ಅಂಟು, ಬಲಿತು ಕೇಕ್ ರಬ್ಬರ್ ಆಗುತ್ತೆ, ಒಳಗೆ ಉದ್ದುದ್ದ ಸುರಂಗ ಬೀಳುತ್ತೆ. ಅಕ್ಕ ಹೇಳಿದ ಲಕ್ಷಣದಲ್ಲಿ ಸುರಂಗ ಇಲ್ಲ, ರಬ್ಬರೂ ಇಲ್ಲ. ಹಾಗಾಗಿ ಕಲಸಿದ್ದರ ಮೇಲೆ ನನಗೆ ಅನುಮಾನ ಇಲ್ಲ.

ಅಕ್ಕ, ಉತ್ತರ ಹೇಳೋ ಮುಂಚೆ ನನಗೆ ಇಷ್ಟು ತಿಳೀಬೇಕು. ಹನ್ನೆರಡೂ ಒಂದೇ ಸಲ ಬೇಯಿಸಿದ್ರಾ, ಎರಡು ಸಲಾನಾ? ಎರಡು ಸಲ ಆದ್ರೆ ಎರಡನೇ ಟ್ರೇ ಮೊದಲನೇದಕ್ಕಿಂತ ಕೆಟ್ಟದಾಗಿತ್ತಾ? ಕೋಕೋ ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಏನಿದೆ? ಸೋಡಾ ಡಬ್ಬಿ ತೆರೆದು ಎಷ್ಟು ಕಾಲ ಆಯ್ತು? ಬೆಂದ ಮೇಲೆ ಕಪ್‌ಕೇಕ್‌ಗಳನ್ನ ಟ್ರೇಯಲ್ಲೇ ಆರಕ್ಕೆ ಬಿಟ್ರಾ?

ತಿನ್ನೋದಷ್ಟೇ
ಇಷ್ಟೆಲ್ಲಾ ವಿಚಾರಣೆ ಮಾಡೋ ಬದಲು ಕೊಂಡ್ಕೊಂಡು ತಿನ್ನಬಹುದಲ್ವಾ ಸ್ವಾಮಿ.

ಬೆಣ್ಣೆಬೆರಳು
@ತಿನ್ನೋದಷ್ಟೇ ನಿಮ್ಮ ಹೆಸರಿಗೆ ತಕ್ಕ ಮಾತು. ಮುಂದೆ ಹೋಗಿ.

ಹಿಟ್ಟುಮೆತ್ತಿದಕೈ
ಅಣ್ಣ, ಒಂದೊಂದಾಗಿ ಹೇಳ್ತೀನಿ. ನನ್ನ ಟ್ರೇಯಲ್ಲಿ ಆರೇ ಗುಂಡಿ, ಅದಕ್ಕೆ ಎರಡು ಸಲ ಬೇಯಿಸಿದ್ದು. ಉಳಿದ ಹಿಟ್ಟು ಪಾತ್ರೆಯಲ್ಲಿ ಅರ್ಧ ಗಂಟೆ ಹತ್ತಿರ ಕಾದಿತ್ತು. ವಿಚಿತ್ರ ಅಂದ್ರೆ ಎರಡೂ ಟ್ರೇ ಒಂದೇ ಥರ ಬಂದಿವೆ. ಕಲೆಸಿ ಇಟ್ಟರೆ ಯಾವುದು ಮೊದಲನೇದು ಅಂತ ಹೇಳಕ್ಕಾಗಲ್ಲ.

ಪ್ರೀಹೀಟ್ ಮಾಡಿದ್ದೆ. ಬಾಗಿಲು ತೆಗೆದಿಲ್ಲ, ಗಾಜಿನಿಂದಲೇ ನೋಡಿದ್ದು. ಸೋಡಾ ಹೊಸದು. ಈಗಷ್ಟೇ ವಿನೆಗರ್ ಹಾಕಿ ನೋಡಿದೆ, ಬುಸ್ ಅಂತ ಉಕ್ಕಿತು. ಕೋಕೋ ಪ್ಯಾಕೆಟ್ ಹಿಂದೆ "ಕೋಕೋ ಪುಡಿ, ಅಸಿಡಿಟಿ ರೆಗ್ಯುಲೇಟರ್ 501" ಅಂತಿದೆ. ಹೌದು, ಟ್ರೇಯಲ್ಲೇ ಪೂರ್ತಿ ಆರಕ್ಕೆ ಬಿಟ್ಟಿದ್ದೆ.

ಮಧ್ಯದರ‍್ಯಾಕು
ಸಿಕ್ತು. ಆ 501 ಅನ್ನೋದೇ ಕಳ್ಳ.

501 ಅಂದ್ರೆ ಪೊಟ್ಯಾಶಿಯಂ ಕಾರ್ಬೊನೇಟ್. ಅದು ಕ್ಷಾರ. ಕೋಕೋ ಪುಡಿ ಸಹಜವಾಗಿ ಹುಳಿ ಗುಣದ್ದು, ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಅಂದ್ರೆ ಹುಳಿ) 5.3ರಿಂದ 5.8 ಇರುತ್ತೆ. ಅದಕ್ಕೆ ಕ್ಷಾರ ಸೇರಿಸಿ ಹುಳಿ ತೆಗೆದ್ರೆ ಪಿಎಚ್ 7ರ ಆಸುಪಾಸಿಗೆ ಬರುತ್ತೆ, ಬಣ್ಣ ಗಾಢ ಆಗುತ್ತೆ, ಕಹಿ ಕಡಿಮೆ ಆಗುತ್ತೆ, ಹಾಲಲ್ಲಿ ಚೆನ್ನಾಗಿ ಬೆರೆಯುತ್ತೆ. ಇದನ್ನ 19ನೇ ಶತಮಾನದಲ್ಲಿ ಶುರು ಮಾಡಿದವನು ಕೊನ್ರಾಡ್ ಫಾನ್ ಹೌಟನ್ ಅನ್ನೋ ಡಚ್ಚರವನು. ಅದಕ್ಕೇ ಡಚ್ ಕೋಕೋ, ಡಚ್ ಪ್ರೋಸೆಸ್ಡ್ ಅಂತ ಕರೆಯೋದು. ಪ್ಯಾಕೆಟ್ ಮುಂದೆ ಈ ಹೆಸರು ಬರೆದಿರಲೇಬೇಕು ಅಂತೇನಿಲ್ಲ, ಹಿಂದೆ 501 ಅಥವಾ 500 ಇದೆಯಾ ಅಂತ ನೋಡ್ಬೇಕು.

ನಿಮ್ಮ ರೆಸಿಪಿಯಲ್ಲಿ ಉಬ್ಬಿಸೋಕೆ ಇರೋದು ಅಡುಗೆ ಸೋಡಾ ಮಾತ್ರ. ಸೋಡಾಕ್ಕೆ ಹುಳಿ ಸಿಕ್ಕಿದ್ರೆ ಗ್ಯಾಸ್. ಮಜ್ಜಿಗೆ ಇಲ್ಲ, ಮೊಸರಿಲ್ಲ, ನಿಂಬೆ ಇಲ್ಲ, ಬರೀ ಹಾಲು. ರೆಸಿಪಿ ಬರೆದವರು ಸಾದಾ ಕೋಕೋದ ಹುಳಿಯನ್ನೇ ನಂಬ್ಕೊಂಡಿದ್ದಾರೆ, ಆದ್ರೆ "ಕೋಕೋ" ಅಂತಷ್ಟೇ ಬರೆದು ಯಾವುದು ಅಂತ ಹೇಳಿಲ್ಲ. ನೀವು ಅವರು ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡಿದ್ದೀರಿ. ಚಿತ್ರದಲ್ಲಿ ಕೆಂಪು ಛಾಯೆ, ನಿಮ್ಮದು ಕಪ್ಪು ಅಂದ್ರಲ್ಲ, ಅಲ್ಲೇ ಸುಳಿವಿತ್ತು.

ಪ್ರಯೋಗಶಾಲೆಮಾವ
ನನ್ನ ಮಟ್ಟಿಗೆ 501ಕ್ಕಿಂತ ದೊಡ್ಡ ಸಾಕ್ಷಿ ಎರಡನೇ ಟ್ರೇ. ಅದನ್ನ ಯಾರೂ ದಾಟಿ ಹೋಗಬಾರದು.

ಸೋಡಾಕ್ಕೆ ಹುಳಿ ಸಿಕ್ಕಿದ್ದರೆ ಕಲಸಿದ ಗಳಿಗೆಯಿಂದಲೇ ಗ್ಯಾಸ್ ಹುಟ್ಟಲು ಶುರುವಾಗುತ್ತದೆ. ಅರ್ಧ ಗಂಟೆ ಪಾತ್ರೆಯಲ್ಲಿ ಕಾದ ಹಿಟ್ಟು ಅಷ್ಟರಲ್ಲಿ ಬಹಳಷ್ಟು ಗ್ಯಾಸ್ ಕಳೆದುಕೊಂಡಿರಬೇಕಿತ್ತು. ಎರಡನೇ ಟ್ರೇ ಎದ್ದು ಕಾಣುವಷ್ಟು ಚಪ್ಪಟೆಯಾಗಬೇಕಿತ್ತು. ಎರಡೂ ಒಂದೇ ಥರ ಅಂದರೆ ಪಾತ್ರೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದೇ ಇಲ್ಲ. ಒಲೆಯ ದೋಷವೋ ಕೈ ದೋಷವೋ ಆಗಿದ್ದರೆ ಈ ಹೋಲಿಕೆ ಬರುತ್ತಿರಲಿಲ್ಲ.

ಸೋಪಿನ ರುಚಿಗೂ ಇದೇ ಕಾರಣ. ಹುಳಿ ಇಲ್ಲದಿದ್ದರೂ ಸೋಡಾ ಬಿಸಿಗೆ ಒಡೆಯುತ್ತದೆ. ಒಡೆದಾಗ ಸ್ವಲ್ಪ ಕಾರ್ಬನ್ ಡೈಆಕ್ಸೈಡ್, ಸ್ವಲ್ಪ ನೀರಾವಿ, ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ. ಒಲೆಯಲ್ಲಿ ಅಲ್ಪಸ್ವಲ್ಪ ಉಬ್ಬಿದ ಹಾಗೆ ಕಂಡದ್ದು ಆ ಗ್ಯಾಸು. ಹುಳಿ ಜೊತೆಗಿದ್ದರೆ ಎಷ್ಟು ಬರುತ್ತದೋ ಅದರ ಅರ್ಧ ಮಾತ್ರ ಹೀಗೆ ಬರುವುದು, ಅದೂ ತಡವಾಗಿ. ನಾಲಿಗೆಗೆ ಸಿಕ್ಕಿದ್ದು ಉಳಿದ ಕಾರ್ಬೊನೇಟು.

ಖಡಕ್‌ತೂಕ
ಎಲ್ಲಾ ಖರೇನೇ ಐತ್ರಿ, ಆದ್ರ ನೀವ್ಯಾರೂ ಕಪ್ ಬಗ್ಗೆ ಕೇಳಲೇ ಇಲ್ಲಲ್ರಿ. ಅಕ್ಕಾರ, ಮೈದಾ ಹೆಂಗ ಅಳದ್ರಿ? ಕಪ್ಪನ್ನ ಡಬ್ಬ್ಯಾಗ ಹಾಕಿ ಎತ್ತಿದ್ರ 150 ಗ್ರಾಂ ಮ್ಯಾಲ ಬರ್ತೈತಿ. ಚಮಚದಿಂದ ತುಂಬಿ ಚಾಕು ಎಳದ್ರ 120, 125. ಒಂದೂವರೆ ಕಪ್ಪಿಗೆ ನಲವತ್ತು ಗ್ರಾಂ ಫರಕ್ ಬಿತ್ತು ಅಂದ್ರ ಹಿಟ್ಟು ದಪ್ಪ ಆಗಿ ಎಲ್ಲಿ ಏಳಬೇಕ್ರಿ ಅದು? ಅದರ ಮ್ಯಾಲ ಕಪ್ಪೂ ಒಂದಲ್ಲ. ಅಮೆರಿಕದ್ದು 237 ಎಂಎಲ್, ಮೆಟ್ರಿಕ್ ಕಪ್ 250. ಟೀ ಸ್ಪೂನ್ ಅಂದ್ರ 5 ಎಂಎಲ್, ಚಾ ಕಲಸೋ ಚಮಚ ಅಲ್ಲ. ತಕ್ಕಡಿ ತಗೊಳ್ರಿ, ಅರ್ಧ ಜಗಳ ಮುಗೀತದ.

ಹಿಟ್ಟುಮೆತ್ತಿದಕೈ
@ಖಡಕ್‌ತೂಕ ತಕ್ಕಡಿ ಇದೆ ಅಣ್ಣ. ಮೈದಾ 190 ಗ್ರಾಂ ಇತ್ತು, ಸಕ್ಕರೆ 200, ಕೋಕೋ 42. ಸೋಡಾ ಅಳತೆ ಚಮಚದಲ್ಲೇ, ಮೇಲೆ ಸಮ ಮಾಡಿ.

ಖಡಕ್‌ತೂಕ
ಹಂಗಾದ್ರ ನನ್ನ ತಕರಾರು ವಾಪಸ್. ಕೋಕೋನೇ ಅನ್ರಿ.

ಬೆಣ್ಣೆಬೆರಳು
ಏಳಲಿಲ್ಲ, ಸೋಪು, ಬಣ್ಣ, ಸರಿ. ಆದ್ರೆ ನಡು ಯಾಕೆ ಕುಸೀಬೇಕು? ಏಳದೇ ಇರೋದು ಬೇರೆ, ಎದ್ದು ಬೀಳೋದು ಬೇರೆ ಅಲ್ವಾ? ಅಂಚು ಗಟ್ಟಿ ಆಗಿದ್ದಕ್ಕೂ ಕೋಕೋನೇ ಕಾರಣಾನಾ? ನನಗೇನೋ ಓಟಿಜಿ ಮೇಲೂ ಅನುಮಾನ ಇದೆ.

ಪ್ರಯೋಗಶಾಲೆಮಾವ
ಒಳ್ಳೆಯ ಪ್ರಶ್ನೆ. ಕಪ್‌ಕೇಕ್ ನಿಲ್ಲುವುದು ಎರಡರಿಂದ: ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಬೇಕು, ಮೈದಾದ ಪಿಷ್ಟ ನೀರು ಕುಡಿದು ಹಿಗ್ಗಿ ಕೂರಬೇಕು. ಗ್ಯಾಸು ಹಿಗ್ಗಿಸಿದ ಗುಳ್ಳೆಗಳ ಗೋಡೆ ಅಷ್ಟರಲ್ಲಿ ಗಟ್ಟಿಯಾದರೆ ಎದ್ದದ್ದು ಎದ್ದ ಹಾಗೇ ಉಳಿಯುತ್ತದೆ. ಇಲ್ಲವೆಂದರೆ ಹೊರಗಿನ ತಣ್ಣನೆ ಗಾಳಿ ತಗಲಿದ ಕೂಡಲೇ ಗುಳ್ಳೆಯೊಳಗಿನ ಆವಿ ಕುಗ್ಗಿ ನಡು ಇಳಿಯುತ್ತದೆ. ಹುಳಿ ಇದ್ದ ಹಿಟ್ಟಿನಲ್ಲಿ ಪ್ರೋಟೀನ್ ಬೇಗ ಗಟ್ಟಿಯಾಗುತ್ತದೆ, ಕ್ಷಾರ ಹೆಚ್ಚಿದ ಹಿಟ್ಟಿನಲ್ಲಿ ತಡ. ಜೊತೆಗೆ ಸಕ್ಕರೆಯೂ ಈ ಎರಡೂ ಕೆಲಸವನ್ನು ತಡಮಾಡುತ್ತದೆ. ಇಲ್ಲಿ ಸಕ್ಕರೆ ಮೈದಾಕ್ಕಿಂತ ತುಸು ಹೆಚ್ಚೇ ಇದೆ. ಹಾಗಾಗಿ 20 ನಿಮಿಷಕ್ಕೆ ನಡು ಬೆಂದಿರಲಾರದು. ಅಂಟಂಟು ಇತ್ತು ಅಂತ ಅವರೇ ಬರೆದಿದ್ದಾರೆ.

ಅಂಚಿನ ವಿಷಯ: ಕ್ಷಾರದಲ್ಲಿ ಕಂದು ಬಣ್ಣ ಬೇಗ ಏರುತ್ತದೆ, ಅದು ನಿಜ. ಆದರೆ ಅಂಚು ಗಟ್ಟಿಯಾಗಿದ್ದು ಪೂರ್ತಿ ಅದರಿಂದಲೇ ಅಂತ ನಾನು ಆಣೆ ಇಡುವುದಿಲ್ಲ. ಒಲೆಯನ್ನೂ ನೋಡಲಿ.

ಮಧ್ಯದರ‍್ಯಾಕು
ಕುಸಿತದ ಬಗ್ಗೆ ನಾನೊಂದು ಮಾತು. ಯಾವಾಗ ಕುಸೀತು ಅನ್ನೋದೇ ಅರ್ಧ ರೋಗ ಹೇಳುತ್ತೆ. ಒಳಗಿದ್ದಾಗಲೇ ಎದ್ದು ಬಿದ್ರೆ ಸೋಡಾ ಅಥವಾ ಬೇಕಿಂಗ್ ಪೌಡರ್ ಜಾಸ್ತಿ, ಗುಳ್ಳೆ ಅತಿ ಊದಿದ ಬಲೂನ್ ಥರ ಒಡೆದಿರುತ್ತೆ. ಹೊರಗೆ ಬಂದ ಮೇಲೆ ಬಿದ್ರೆ ಹೆಚ್ಚಾಗಿ ಬೆಂದಿಲ್ಲ ಅಂತ. ಅಕ್ಕಂದು ಎರಡನೇ ಜಾತಿ.

ಬೆಂದಿದೆಯಾ ಅಂತ ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ. ನಡುವೆ ಬೆರಳಿಂದ ಮೆಲ್ಲಗೆ ಒತ್ತಿದ್ರೆ ಮೇಲಕ್ಕೆ ಎದ್ದು ಬರಬೇಕು. ಕಡ್ಡಿ ಚುಚ್ಚಿದ್ರೆ ಒಂದೆರಡು ಪುಡಿ ಅಂಟಿರಬಹುದು, ಹಸಿ ಹಿಟ್ಟು ಬರಬಾರದು. ಅಡುಗೆ ಥರ್ಮಾಮೀಟರ್ ಇದ್ದವರಿಗೆ ಇನ್ನೂ ಸುಲಭ, ನಡುವೆ 95 ಡಿಗ್ರಿ ದಾಟಿದ್ರೆ ತೆಗೀಬಹುದು.

ಹೊಸಒಲೆ
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಉಲ್ಟಾ ಸಮಸ್ಯೆ. ಹಳ್ಳ ಬೀಳಲ್ಲ, ಬೆಟ್ಟ ಏಳುತ್ತೆ. ತುದಿ ಚೂಪಾಗಿ ಎದ್ದು ಬಿರುಕು ಬಿಟ್ಟು ಒಂದು ಪಕ್ಕಕ್ಕೆ ಹಿಟ್ಟು ಉಕ್ಕಿ ಬರುತ್ತೆ. ಮೇಲೆ ಕ್ರೀಮ್ ಹಾಕಕ್ಕೇ ಜಾಗ ಇರಲ್ಲ. ಮೈಕ್ರೋವೇವ್‌ನ ಕನ್ವೆಕ್ಷನ್ ಮೋಡ್, 200 ಡಿಗ್ರಿ.

ಮಧ್ಯದರ‍್ಯಾಕು
@ಹೊಸಒಲೆ 200 ಜಾಸ್ತಿ ಆಯ್ತು. ಕನ್ವೆಕ್ಷನ್‌ನಲ್ಲಿ ಫ್ಯಾನ್ ತಿರುಗುತ್ತೆ, ರೆಸಿಪಿ ಸಾದಾ ಓವನ್‌ಗೆ ಬರೆದಿದ್ರೆ 20 ಡಿಗ್ರಿ ಇಳಿಸ್ಕೊಳ್ಳಿ. 180 ಅಂದ್ರೆ ನಿಮಗೆ 160. ಬಿಸಿ ಜಾಸ್ತಿ ಆದ್ರೆ ಸುತ್ತಲ ಅಂಚು, ಮೇಲಿನ ಪದರ ಮೊದಲೇ ಗಟ್ಟಿಯಾಗುತ್ತೆ. ಒಳಗಿನ ಹಸಿ ಹಿಟ್ಟು ಆಮೇಲೆ ಹಿಗ್ಗಿ, ದಾರಿ ಇಲ್ಲದೆ ನಡುವೆ ಒಡ್ಕೊಂಡು ಬರುತ್ತೆ. ಕಪ್ಪನ್ನ ಎಷ್ಟು ತುಂಬಿಸ್ತೀರಿ?

ಹೊಸಒಲೆ
ಮುಕ್ಕಾಲಿಗಿಂತ ಜಾಸ್ತಿ 🙈

ಮಧ್ಯದರ‍್ಯಾಕು
ಮೂರನೇ ಎರಡು ಭಾಗಕ್ಕೆ ನಿಲ್ಲಿಸಿ. ಸಾಮಾನ್ಯ ಅಳತೆಯ ಗುಂಡಿಗೆ ಕಾಲು ಕಪ್ ಹಿಟ್ಟು ಸಾಕು. ಸಪಾಟಾದ ತಲೆ ಬೇಕು ಅನ್ನೋರು 160 ಡಿಗ್ರಿಗಿಂತಲೂ ಸ್ವಲ್ಪ ಕೆಳಗೆ ಇಟ್ಟು ಎರಡು ಮೂರು ನಿಮಿಷ ಹೆಚ್ಚು ಬೇಯಿಸ್ತಾರೆ.

ಅಜ್ಜಿಸೌಟು
ಹಾಗಾದ್ರೆ ದಿಕ್ಕು ಲೆಕ್ಕಕ್ಕೇ ಇಲ್ಲ ಅಂತೀರಾ? ಇರ್ಲಿ ಬಿಡಿ, ಕೈಗೆ ಅಭ್ಯಾಸ ಆಗಿದೆ, ನಾನು ಬಲಕ್ಕೇ ತಿರುಗಿಸ್ತೀನಿ. ಆದ್ರೆ ಒಂದು ಮಾತು. ಆ ಹುಡುಗಿ ಮೊಟ್ಟೆ, ಹಾಲು ಫ್ರಿಜ್ಜಿಂದ ನೇರ ಹಾಕಿದ್ಲಾ? ಅದನ್ನೂ ಕೇಳಿ.

ಹಿಟ್ಟುಮೆತ್ತಿದಕೈ
ಇಲ್ಲ ಅಮ್ಮ, ಮೊದಲೇ ಹೊರಗೆ ಇಟ್ಟಿದ್ದೆ.

ಪ್ರಯೋಗಶಾಲೆಮಾವ
ಅಮ್ಮ ಕೇಳಿದ್ದು ಬೆಣ್ಣೆ ಕೇಕ್‌ಗೆ ತುಂಬಾ ಮುಖ್ಯ. ಬೆಣ್ಣೆ 18ರಿಂದ 21 ಡಿಗ್ರಿಯಲ್ಲಿದ್ದಾಗ ಸಕ್ಕರೆ ಹರಳುಗಳು ಅದರೊಳಗೆ ಸಣ್ಣ ಸಣ್ಣ ಗಾಳಿ ಗುಳ್ಳೆ ಕೊರೆಯುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇರುವ ಗುಳ್ಳೆಯನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಅಲ್ಲಿಗೆ ತಣ್ಣನೆ ಮೊಟ್ಟೆ ಬಿದ್ದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ. ಇವರದು ಎಣ್ಣೆ ಕೇಕ್, ಇಲ್ಲಿ ಆ ಭಯ ಕಡಿಮೆ.

ಬೆಣ್ಣೆಬೆರಳು
ಓವನ್ ಥರ್ಮಾಮೀಟರ್ ಇಲ್ಲದವರಿಗೆ ಒಂದು ಉಪಾಯ ಇದೆ. ಸಕ್ಕರೆ ಕರಗೋದು ಸುಮಾರು 186 ಡಿಗ್ರಿಗೆ. ಅಲ್ಯೂಮಿನಿಯಂ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಒಲೆಯ ಉಷ್ಣತೆ ಗುಂಡಿಯನ್ನ 175ಕ್ಕೆ ತಿರುಗಿಸಿ, ಒಲೆ ಚೆನ್ನಾಗಿ ಕಾದ ಮೇಲೆ ಒಳಗಿಟ್ಟು 15 ನಿಮಿಷ ಬಿಡಿ. ಕರಗಬಾರದು. ಕರಗಿದ್ರೆ ನಿಮ್ಮ ಒಲೆ ಹೇಳೋದೊಂದು ಮಾಡೋದೊಂದು. ಆಮೇಲೆ 190ಕ್ಕೆ ಇಟ್ಟು ಹೊಸ ಸಕ್ಕರೆಯಲ್ಲಿ ನೋಡಿ, ಈಗ ಕರಗಬೇಕು. ಕರಗದಿದ್ರೆ ಒಲೆ ತಣ್ಣಗಿದೆ.

ಪ್ರಯೋಗಶಾಲೆಮಾವ
ಚೆನ್ನಾಗಿದೆ. 15 ನಿಮಿಷ ಮಾತ್ರ ಮೀರಬೇಡಿ. ತುಂಬಾ ಹೊತ್ತು ಬಿಟ್ಟರೆ ಸಕ್ಕರೆ 186ಕ್ಕಿಂತ ಕೆಳಗೂ ನಿಧಾನವಾಗಿ ಕಂದಾಗಿ ಕರಗುತ್ತದೆ, ಆಗ ಒಲೆಯ ಮೇಲೆ ಸುಳ್ಳು ಅಪವಾದ ಬರುತ್ತದೆ.

ಮಧ್ಯದರ‍್ಯಾಕು
ಈಗ ಅಕ್ಕ ಏನು ಮಾಡಬೇಕು ಅನ್ನೋದು. ದಯವಿಟ್ಟು ಎಲ್ಲಾ ಒಟ್ಟಿಗೆ ಬದಲಾಯಿಸಬೇಡಿ. ಒಲೆ, ಕೋಕೋ, ಹಿಟ್ಟು ಎಲ್ಲಾ ಒಂದೇ ಸಲ ಬದಲಾದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತೇ ಆಗಲ್ಲ, ಮುಂದಿನ ಸಲ ಮತ್ತೆ ಇಲ್ಲಿಗೇ ಬರ್ತೀರಿ. ಇದೇ ಕೋಕೋ ಇಟ್ಕೊಂಡು ಹುಳಿಯ ಲೆಕ್ಕ ಮಾತ್ರ ಸರಿ ಮಾಡಿ. ಹಾಲಿನ ಬದಲು ಮುಕ್ಕಾಲು ಕಪ್ ಮೊಸರಿಗೆ ಕಾಲು ಕಪ್ ನೀರು ಹಾಕಿ ಕಡೆದು ಹಾಕಿ. ಸೋಡಾವನ್ನ ಅರ್ಧ ಟೀ ಸ್ಪೂನ್‌ಗೆ ಇಳಿಸಿ, ಒಂದು ಕಪ್ ಮಜ್ಜಿಗೆಯ ಹುಳಿಗೆ ಅಷ್ಟೇ ಲೆಕ್ಕ. ಎಣ್ಣೆ, ಮೊಟ್ಟೆ, ಉಷ್ಣತೆ ಏನನ್ನೂ ಮುಟ್ಟಬೇಡಿ. ಕಡ್ಡಿ ಚುಚ್ಚಿ ನೋಡಿ ತೆಗೀರಿ. ತೆಗೆದ ಐದು ನಿಮಿಷಕ್ಕೆ ಟ್ರೇಯಿಂದ ಎತ್ತಿ ಜಾಲರಿ ಮೇಲಿಡಿ.

ಹೊಸಒಲೆ
ಹಾಲಿಗೆ ಒಂದು ಟೇಬಲ್ ಸ್ಪೂನ್ ವಿನೆಗರ್ ಹಾಕಿದ್ರೂ ಆಗುತ್ತೆ ಅಂತಾರಲ್ಲ?

ಪ್ರಯೋಗಶಾಲೆಮಾವ
ಆಗುತ್ತದೆ, ಅಳತೆ ಗೊತ್ತಿದ್ದರೆ. 5 ಪ್ರತಿಶತದ ವಿನೆಗರ್ 15 ಎಂಎಲ್‌ನಲ್ಲಿ ಇರುವ ಹುಳಿ ಹೆಚ್ಚೂಕಡಿಮೆ ಕಾಲು ಟೀ ಸ್ಪೂನ್ ಸೋಡಾಕ್ಕೆ ಸಾಕು. ಮುಕ್ಕಾಲು ಟೀ ಸ್ಪೂನ್ ಸೋಡಾಕ್ಕೆ ಒಂದೇ ಟೇಬಲ್ ಸ್ಪೂನ್ ಹಾಕಿದರೆ ಸೋಪು ಮತ್ತೆ ಹಾಜರ್.

ಮೊಟ್ಟೆಬೇಡ
ಮೊಟ್ಟೆ ಇಲ್ಲದೆ ಮಾಡೋರಿಗೂ ಈ ಮಾತು ಅನ್ವಯ ಆಗುತ್ತಾ? ನಾವು ಮೊಸರು, ಸೋಡಾ ಮೇಲೇ ಬದುಕಿರೋದು.

ಪ್ರಯೋಗಶಾಲೆಮಾವ
ನಿಮಗೆ ಇನ್ನೂ ಹೆಚ್ಚು ಅನ್ವಯ. ಮೊಟ್ಟೆಯ ಆಸರೆ ಇಲ್ಲದ್ದರಿಂದ ಪಿಷ್ಟವೇ ಪೂರ್ತಿ ಭಾರ ಹೊರಬೇಕು, ಕುಸಿಯುವ ಸಾಧ್ಯತೆ ಹೆಚ್ಚು. ಸುಮ್ಮನೆ ಒಂದು ಸ್ವಾರಸ್ಯ: ಬೇಕಿಂಗ್ ಪೌಡರ್ ಹುಟ್ಟಿದ್ದೇ ನಿಮ್ಮಂಥ ಒಂದು ಮನೆಯಲ್ಲಿ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಅನ್ನುವವನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗೆ ಬ್ರೆಡ್ ಮಾಡಿಕೊಡಲು 1843ರಲ್ಲಿ ಸೋಡಾ ಮತ್ತು ಹುಳಿಯನ್ನು ಒಣಗಿದ ಪುಡಿಯಾಗಿಯೇ ಬೆರೆಸಿಟ್ಟ.

ತಿನ್ನೋದಷ್ಟೇ
ಇದು ಮಾತ್ರ ಚೆನ್ನಾಗಿದೆ. ಕೊಂಡ್ಕೊಳ್ಳಿ ಅಂದಿದ್ದು ವಾಪಸ್ ತಗೊಂಡೆ.

ಹಿಟ್ಟುಮೆತ್ತಿದಕೈ
ಬಂದೆ, ಫಲಿತಾಂಶ ತಂದಿದ್ದೀನಿ.

ಮೊಸರು ನೀರು, ಅರ್ಧ ಟೀ ಸ್ಪೂನ್ ಸೋಡಾ, ಅದೇ ಕೋಕೋ. ಮೊದಲ ಟ್ರೇ ಚೆನ್ನಾಗಿ ಎದ್ದಿದೆ, ನಡು ಇಳಿದಿಲ್ಲ. ಸೋಪಿನ ರುಚಿ ಪೂರ್ತಿ ಮಾಯ, ಈಗ ಚಾಕೊಲೇಟ್ ರುಚಿ ಬರ್ತಿದೆ. ಪೇಪರ್ ಕಪ್ ಹಿಡ್ಕೊಂಡೇ ಇದೆ. 22ನೇ ನಿಮಿಷಕ್ಕೆ ಕಡ್ಡಿ ಸರಿ ಬಂತು.

ಎರಡನೇ ಟ್ರೇ ಈ ಸಲ ಮೊದಲನೇದಕ್ಕಿಂತ ಕುಳ್ಳು! ಸ್ಪಷ್ಟವಾಗಿ ಗೊತ್ತಾಗುತ್ತೆ. ಮಾವ, ನೀವು ಹೇಳಿದ್ದು ನೋಡಿ ನಗು ಬಂತು. ಕೆಟ್ಟಿದ್ದಕ್ಕೆ ಇಷ್ಟು ಖುಷಿ ಪಟ್ಟಿದ್ದು ಇದೇ ಮೊದಲು.

ಅಂಚು ಮಾತ್ರ ಈಗಲೂ ಸ್ವಲ್ಪ ಗಟ್ಟಿ. ಸಕ್ಕರೆ ಪರೀಕ್ಷೆ ಮಾಡಿದೆ. 175ಕ್ಕೆ ಇಟ್ಟಾಗಲೇ ಸಕ್ಕರೆ ಕರಗಿ ನೀರಾಯ್ತು.

ಬೆಣ್ಣೆಬೆರಳು
ನಾನು ಹೇಳಲಿಲ್ವಾ! ಓಟಿಜಿ ಮೇಲೆ ಅನುಮಾನ ಅಂತ ಮೊದಲೇ ಅಂದಿದ್ದೆ 😄

ಮಧ್ಯದರ‍್ಯಾಕು
ಸರಿ, ಇಬ್ಬರು ಕಳ್ಳರು. ಗುಂಡಿಯನ್ನ 160ಕ್ಕೆ ಇಟ್ಟು ಮತ್ತೆ ಸಕ್ಕರೆ ಹಾಕಿ ನೋಡಿ, ಕರಗದ ಜಾಗ ಎಲ್ಲಿ ಸಿಗುತ್ತೋ ಅದೇ ನಿಮ್ಮ ಓಟಿಜಿಯ ನಿಜವಾದ 175ರ ಹತ್ತಿರ. ಟ್ರೇ ಕಪ್ಪು ಬಣ್ಣದ್ದಾ? ಕಪ್ಪು ಟ್ರೇ ಬಿಸಿ ಜಾಸ್ತಿ ಎಳ್ಕೊಳ್ಳುತ್ತೆ, ಇನ್ನೂ ಹತ್ತು ಹದಿನೈದು ಡಿಗ್ರಿ ಇಳಿಸ್ಬೇಕು. ಟ್ರೇಯನ್ನ ನಡುವಿನ ಸಾಲಿಗೇ ಇಡಿ, ಕೆಳಗಿನ ರಾಡ್‌ಗೆ ತಾಗೋ ಹಾಗೆ ಬೇಡ.

ಎರಡನೇ ಟ್ರೇ ಕುಳ್ಳಾಗಬಾರದು ಅಂದ್ರೆ ಒಣ ಪದಾರ್ಥ ಒಂದು ಕಡೆ, ಹಸಿ ಪದಾರ್ಥ ಒಂದು ಕಡೆ ಇಟ್ಕೊಂಡು ಆರಾರಕ್ಕೆ ಬೇಕಾದಷ್ಟೇ ಬೆರೆಸಿ. ಅಥವಾ ಸೋಡಾ, ಮೊಸರು ಎರಡೂ ಬಿಟ್ಟು ಸಾದಾ ಹಾಲಿಗೆ ಎರಡು ಟೀ ಸ್ಪೂನ್ ಬೇಕಿಂಗ್ ಪೌಡರ್ ಹಾಕಿ. ಡಬಲ್ ಆಕ್ಟಿಂಗ್ ಅಂತ ಬರೆದಿದ್ರೆ ಒಳ್ಳೇದು, ಅದರ ಒಂದು ಹುಳಿ ಕಲಸುವಾಗ ಕೆಲಸ ಮಾಡಿದ್ರೆ ಇನ್ನೊಂದು ಒಲೆಯ ಬಿಸಿಗೇ ಏಳೋದು. ಕಾದ ಹಿಟ್ಟಿಗೆ ಅಷ್ಟು ನಷ್ಟ ಆಗಲ್ಲ. ಡಬ್ಬಿ ಹಳೇದಾಗಿದ್ರೆ ಬಿಸಿ ನೀರಿಗೆ ಅರ್ಧ ಚಮಚ ಹಾಕಿ ನೋಡಿ, ತಕ್ಷಣ ನೊರೆ ಬರಬೇಕು.

ಖಡಕ್‌ತೂಕ
ಪೇಪರ್ ಬಿಟ್ಕೊಳ್ಳೋದು ನಿಂತದ್ದು ಯಾಕಂತ ಯಾರರ ಹೇಳ್ರಿ. ಅದು ಕೋಕೋದ್ದಾ, ಟ್ರೇದ್ದಾ?

ಮಧ್ಯದರ‍್ಯಾಕು
ಟ್ರೇದು. ಬಿಸಿ ಟ್ರೇಯಲ್ಲೇ ಬಿಟ್ರೆ ಕೇಕಿಂದ ಬರೋ ಆವಿಗೆ ದಾರಿ ಇಲ್ಲ, ಪೇಪರ್‌ಗೂ ಕೇಕಿಗೂ ನಡುವೆ ನೀರಾಗಿ ಕೂರುತ್ತೆ, ಪೇಪರ್ ಒದ್ದೆಯಾಗಿ ಬಿಟ್ಕೊಳ್ಳುತ್ತೆ. ಬೇಯದೆ ಉಳಿದಿದ್ರೂ ಹೀಗೇ, ಆವಿ ಜಾಸ್ತಿ ಇರುತ್ತೆ. ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ್ರೂ ಅದೇ ಕಥೆ.

ಹೊಸಒಲೆ
ನಾನೂ 160ಕ್ಕೆ ಮಾಡಿದೆ. ಬೆಟ್ಟ ಹೋಗಿ ದಿಣ್ಣೆ ಆಗಿದೆ. ಇಷ್ಟು ಸಾಕು. ಆದ್ರೆ ಬಟರ್‌ಕ್ರೀಮ್ ಹಾಕಿದ ಹತ್ತೇ ನಿಮಿಷಕ್ಕೆ ಜಾರಿ ಪಕ್ಕಕ್ಕೆ ಬಂತು.

ಬೆಣ್ಣೆಬೆರಳು
ಕೇಕ್ ಪೂರ್ತಿ ಆರಿತ್ತಾ? ಮೇಲೆ ತಣ್ಣಗಿದ್ರೂ ನಡು ಬೆಚ್ಚಗಿರುತ್ತೆ. ಬೆಣ್ಣೆ 30 ದಾಟಿದ ಮೇಲೆ ನಿಲ್ಲಲ್ಲ, 32ರಿಂದ 35ರೊಳಗೆ ಪೂರ್ತಿ ಕರಗುತ್ತೆ. ಒಂದು ಗಂಟೆ ಬಿಡಿ, ಬುಡಕ್ಕೆ ಕೈ ಇಟ್ಟು ನೋಡಿ. ಜಾರಿದ ಕ್ರೀಮನ್ನ ಎಸೆಯಬೇಡಿ, ಪಾತ್ರೆ ಸಮೇತ ಫ್ರಿಜ್ಜಲ್ಲಿ 15 ನಿಮಿಷ ಇಟ್ಟು ಮತ್ತೆ ಬೀಟ್ ಮಾಡಿದ್ರೆ ಸರಿ ಹೋಗುತ್ತೆ.

ಹಿಟ್ಟುಮೆತ್ತಿದಕೈ
ಒಂದು ಕೊನೇ ಪ್ರಶ್ನೆ, ಬೈಬೇಡಿ. ಬೇಕಿಂಗ್ ಪೌಡರ್ ಪ್ರಯೋಗವನ್ನ ಆರಕ್ಕೆ ಮಾತ್ರ ಮಾಡೋಣ ಅಂತಿದ್ದೀನಿ. ಎಲ್ಲಾ ಅರ್ಧ ಮಾಡಬಹುದು, ಒಂದು ಮೊಟ್ಟೆನ ಅರ್ಧ ಹೇಗೆ ಮಾಡೋದು?

ಖಡಕ್‌ತೂಕ
ಇದಕ್ಕ ನಾನ ಬರಬೇಕ್ರಿ. ಮೊಟ್ಟಿ ಒಡದು ಫೋರ್ಕಿನಿಂದ ಬಿಳಿ ಹಳದಿ ಒಂದಾಗೋ ಹಂಗ ಕಲಸ್ರಿ. ದೊಡ್ಡ ಮೊಟ್ಟಿ ಆದ್ರ ಸಿಪ್ಪಿ ಬಿಟ್ಟು 50 ಗ್ರಾಂ ಹತ್ರ ಇರ್ತದ. ತಕ್ಕಡಿ ಮ್ಯಾಲ ಬಟ್ಟಲ ಇಟ್ಟು 25 ಗ್ರಾಂ ಹಾಕ್ರಿ.

ಅಜ್ಜಿಸೌಟು
ಉಳಿದ ಅರ್ಧ ಎಸೀಬೇಡ ಮಗಳೇ, ಆಮ್ಲೆಟ್‌ಗೆ ಹಾಕ್ಕೋ.